ಮಾತ್ರೆ ಬಿಟ್ಟ ಮೇಲೆ ಬಾರದ ನಿದ್ರೆ

(ಸಂಬಂಧಪಟ್ಟವರ ಒಪ್ಪಿಗೆ ಪಡೆದು, ಗುರುತು ಸಿಗದಂತೆ ಕೆಲವು ವಿವರಗಳನ್ನು ಬದಲಿಸಿ ಬರೆದ ಪ್ರಕರಣ.)

ಬೆಂಗಳೂರಿನ ಶ್ರೀರಾಂಪುರದಲ್ಲಿ ವಾಸ, ಚಿಕ್ಕಪೇಟೆಯ ಸೀರೆ ಅಂಗಡಿಯೊಂದರಲ್ಲಿ ಕೆಲಸ, ವಯಸ್ಸು ಮೂವತ್ತರ ಆಸುಪಾಸು. ಬೈಕಿನಿಂದ ಬಿದ್ದು ಸೊಂಟಕ್ಕೆ ಪೆಟ್ಟಾದಾಗ ಶುರುವಾದ ಟ್ಯಾಪೆಂಟಡಾಲ್ ಎಂಬ, ಅಫೀಮಿನಂತೆ ಕೆಲಸ ಮಾಡುವ ನೋವಿನ ಮಾತ್ರೆ, ನೋವು ಹೋದ ಮೇಲೂ ಎರಡು ವರ್ಷ ಅವರನ್ನು ಬಿಟ್ಟಿರಲಿಲ್ಲ. ಮನೋವೈದ್ಯರ ಚಿಕಿತ್ಸೆಯಲ್ಲಿ ಮಾತ್ರೆ ನಿಲ್ಲಿಸಿ 24 ದಿನಗಳಾಗಿದ್ದಾಗ ಅವರು ನಿದ್ರೆಯ ಸಲಹೆಗೆಂದು ಪತ್ನಿಯೊಂದಿಗೆ ನನ್ನಲ್ಲಿಗೆ ಬಂದರು. ಮಾತ್ರೆ ಬಿಟ್ಟಾಗ ಕಾಡುವ ಮೈಕೈ ನೋವು, ಭೇದಿ, ಮೂಗು ಸೋರುವುದು ಎಲ್ಲವೂ ಮೊದಲ ಎರಡು ವಾರಗಳಲ್ಲಿ ಇಳಿದಿದ್ದವು. ನಿದ್ರೆ ಮಾತ್ರ ಮರಳಿರಲಿಲ್ಲ.

"ಹತ್ತು ಗಂಟೆಗೆ ಮಲಗ್ತೀನಿ ಮೇಡಂ, ಹಾಲಿನ ಗಾಡಿ ಬಂದು ಕ್ರೇಟು ಇಳಿಸೋ ಸದ್ದು ಕೇಳೋವರೆಗೂ ಕಣ್ಣು ಬಿಟ್ಕೊಂಡೇ ಇರ್ತೀನಿ" ಎಂದರು. ತಲೆ ಶಾಶ್ವತವಾಗಿ ಕೆಟ್ಟುಹೋಗಿದೆಯೆಂಬ ಭಯ ಅವರದು. ಆ ಭಯವನ್ನು ಕಳೆಯುವುದೇ ನನ್ನ ಮೊದಲ ಕೆಲಸವಾಗಿತ್ತು. ಮಿದುಳುಕಾಂಡದಲ್ಲಿ ನಮ್ಮನ್ನು ಎಚ್ಚರವಾಗಿಡುವ ನಾರ್‌ಅಡ್ರಿನಲಿನ್ ಸ್ರವಿಸುವ ನರಕೋಶಗಳನ್ನು ಇಂಥ ಮಾತ್ರೆಗಳು ಅದುಮಿ ಹಿಡಿದಿರುತ್ತವೆ. ಮಾತ್ರೆ ತೆಗೆದೊಡನೆ ಅವು ಮಿತಿಮೀರಿ ಕೆಲಸ ಮಾಡತೊಡಗುವುದರಿಂದ ದೇಹವು ಇರುಳಿಡೀ ಕಾವಲಿಗೆ ನಿಂತಂತೆ ವರ್ತಿಸುತ್ತದೆ. ಇದು ತಣಿಯಲು ವಾರಗಳು, ಕೆಲವರಿಗೆ ತಿಂಗಳುಗಳೇ ಬೇಕಾಗುತ್ತವೆ, ಆದರೆ ತಣಿಯುತ್ತದೆ ಎಂದು ಚಿತ್ರ ಬರೆದು ವಿವರಿಸಿದೆ.

ಮಾತಿನ ನಡುವೆ ಅವರು ಮೊಬೈಲ್ ಕವರಿನ ಹಿಂಬದಿಯಿಂದ ಎಂಟು ಮಡಿಕೆಯ ಚೀಟಿಯೊಂದನ್ನು ತೆಗೆದು ಮೇಜಿನ ಮೇಲಿಟ್ಟರು. ಅದು ಹಳೆಯ ವೈದ್ಯರ ಚೀಟಿ. ಮಡಿಕೆಗಳಲ್ಲಿ ಕಾಗದ ಸವೆದು ಮಾತ್ರೆಯ ಹೆಸರಿನ ಅರ್ಧ ಅಳಿಸಿತ್ತು. ನಡುರಾತ್ರಿ ಎದ್ದು ಕುಳಿತಾಗೆಲ್ಲ ಅದನ್ನು ಮುಟ್ಟಿ ನೋಡುತ್ತಿದ್ದರಂತೆ. ಪತ್ನಿಗೆ ಇದು ಗೊತ್ತಿರಲಿಲ್ಲ. ಅವರು ಬೈಯಲಿಲ್ಲ ಎಂಬುದನ್ನು ಇಲ್ಲಿ ದಾಖಲಿಸಲೇಬೇಕು, ಏಕೆಂದರೆ ಮುಂದಿನದೆಲ್ಲ ಸಾಧ್ಯವಾದದ್ದು ಅದರಿಂದಲೇ.

ಇಬ್ಬರಿಗೂ ಒಂದು ಮಾತನ್ನು ಮುಚ್ಚುಮರೆಯಿಲ್ಲದೆ ಹೇಳಿದೆ. ಬಿಟ್ಟ ಕೆಲವೇ ವಾರಗಳಲ್ಲಿ ಮಾತ್ರೆಯನ್ನು ತಾಳಿಕೊಳ್ಳುವ ದೇಹದ ಸಹಿಷ್ಣುತೆ ಕುಗ್ಗಿರುತ್ತದೆ. ನಿದ್ರೆಗೆಂದು ಹಳೆಯ ಪ್ರಮಾಣವನ್ನೇ ನುಂಗಿದರೆ ಉಸಿರು ನಿಲ್ಲಬಹುದು. ಸ್ನೇಹಿತರೊಬ್ಬರು ಕೊಟ್ಟಿದ್ದ ಆಲ್ಪ್ರಜೋಲಂ ಎಂಬ ಆತಂಕ ತಗ್ಗಿಸುವ ಮಾತ್ರೆ, ಬಂಧುಗಳು ಹೇಳಿದ "ಒಂದೇ ಪೆಗ್" ಎರಡೂ ಬೇಡ, ಅವುಗಳ ಜೊತೆ ಹಳೆಯ ಮಾತ್ರೆಯೂ ಸೇರಿದರೆ ಅಪಾಯ ಹಲವು ಪಟ್ಟು ಹೆಚ್ಚುತ್ತದೆ. ನಿದ್ರೆಯ ಔಷಧ ಬೇಕೇ ಎಂಬುದನ್ನು ಚಿಕಿತ್ಸೆ ನೀಡುತ್ತಿರುವ ಮನೋವೈದ್ಯರೇ ನಿರ್ಧರಿಸಬೇಕು. (ಇಂಥ ಚಟ ಬಿಡಿಸಲು ಕೊಡುವ ಬುಪ್ರೆನಾರ್ಫಿನ್ ಅಥವಾ ನಾಲ್ಟ್ರೆಕ್ಸೋನ್ ತೆಗೆದುಕೊಳ್ಳುತ್ತಿರುವವರು ನಿದ್ರೆ ಬಾರದೆಂದು ಅದನ್ನು ತಾವಾಗಿ ನಿಲ್ಲಿಸಬಾರದು.)

ಒಂದು ವಾರ ಬರೆದಿಟ್ಟ ಲೆಕ್ಕದ ಪ್ರಕಾರ ಅವರು ಹಾಸಿಗೆಯಲ್ಲಿ ಒಂಬತ್ತು ಗಂಟೆ ಇರುತ್ತಿದ್ದರು, ನಿದ್ರಿಸುತ್ತಿದ್ದದ್ದು ಐದೇ ಗಂಟೆ. ಆದ್ದರಿಂದ ರಾತ್ರಿ 12ಕ್ಕೆ ಮೊದಲು ಹಾಸಿಗೆಗೆ ಹೋಗಬಾರದು, ಹೇಗೇ ನಿದ್ರೆಯಾಗಿರಲಿ ಬೆಳಿಗ್ಗೆ 5.30ಕ್ಕೆ ಏಳಬೇಕು, ನಿದ್ರೆ ಬಾರದೆ ಹೊರಳಾಡುವಂತಾದರೆ ಎದ್ದು ನಡುಮನೆಗೆ ಬಂದು ಮಂದ ಬೆಳಕಿನಲ್ಲಿ ಕುಳಿತು, ಕಣ್ಣು ಎಳೆದಾಗಷ್ಟೇ ಮರಳಬೇಕು ಎಂದು ಒಪ್ಪಿಕೊಂಡೆವು. ನಿದ್ರೆ ಕೂಡಿದಂತೆ ಮಲಗುವ ಹೊತ್ತನ್ನು ಕಾಲು ಗಂಟೆಯಷ್ಟು ಹಿಂದಕ್ಕೆ ತರಬೇಕು. ಆರಂಭದಲ್ಲಿ ಹಗಲು ತೂಕಡಿಕೆ ಹೆಚ್ಚುವುದರಿಂದ ಬೈಕ್ ಬಿಟ್ಟು ಮೆಟ್ರೋದಲ್ಲಿ ಹೋಗಬೇಕೆಂದು ಒತ್ತಾಯಿಸಿದೆ. ಅಂಗಡಿಯಲ್ಲಿ ದಿನಕ್ಕೆ ಆರೇಳು ಬಾರಿ ಬೈಟು ಕಾಫಿ ಆಗುತ್ತಿತ್ತು. ಮಧ್ಯಾಹ್ನ ಒಂದರ ನಂತರ ಅದು ನಿಂತಿತು.

ಪತ್ನಿಗೆ ಕೇಳಿಕೊಂಡದ್ದು ಒಂದೇ: ಪತಿ ಮಗ್ಗುಲಾದಾಗಲೆಲ್ಲ "ಇನ್ನೂ ನಿದ್ದೆ ಬಂದಿಲ್ವಾ?" ಎಂದು ಕೇಳುವುದನ್ನು ಬಿಡಿ. ಪ್ರೀತಿಯಿಂದ ಕೇಳಿದ ಆ ಪ್ರಶ್ನೆಯೇ ಪ್ರತಿ ರಾತ್ರಿ ಅವರಿಗೆ ಪರೀಕ್ಷೆಯಾಗುತ್ತಿತ್ತು. ಮಾತ್ರೆಯ ಸೆಳೆತ ತಡೆಯಲಾಗದಿದ್ದರೆ ಯಾವ ಹೊತ್ತಿನಲ್ಲಾದರೂ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಕರೆಮಾಡಿ ಕನ್ನಡದಲ್ಲೇ ಮಾತಾಡಬಹುದೆಂದು ತಿಳಿಸಿದೆ. ಕಾಲುಗಳಲ್ಲಿ ಹರಿದಾಡುವಂಥ ಚಡಪಡಿಕೆ ಉಳಿದಿದ್ದರಿಂದ ವೈದ್ಯರು ರಕ್ತ ಪರೀಕ್ಷೆ ಮಾಡಿಸಿ, ಕಬ್ಬಿಣಾಂಶ ಕಡಿಮೆಯಿದ್ದದ್ದನ್ನು ಕಂಡು ಚಿಕಿತ್ಸೆ ಕೊಟ್ಟರು.

ಈ ಕ್ರಮದ ಎರಡನೆಯ ವಾರ ಕಠಿಣವಾಗಿತ್ತು; ಎರಡು ರಾತ್ರಿ ಅವರು 14416ಕ್ಕೆ ಕರೆಮಾಡಿದರು. ಏಳನೆಯ ವಾರಕ್ಕೆ ನಿದ್ರೆ ಆರು ಗಂಟೆಗೆ ಬಂದಿದೆ, ಒಮ್ಮೊಮ್ಮೆ ಇನ್ನೂ ಮುರಿಯುತ್ತದೆ. ಆ ಚೀಟಿ ಈಗ ನನ್ನ ಕಡತದಲ್ಲಿದೆ. ಕಳೆದ ಭೇಟಿಯಲ್ಲಿ ಪತ್ನಿ, ತಮಗೀಗ ಹಾಲಿನ ಗಾಡಿಯ ಸದ್ದು ಕೇಳಿಸುವುದಿಲ್ಲ ಎಂದರು.