ಪ್ರಾಜೆಕ್ಟ್‌ಗೆ ಪರ್ಸನಲ್ ಥೀಮ್ ತಗೋಳಿ ಅಂದ್ರೆ ಎಲ್ಲಿಂದ ಶುರು ಮಾಡೋದು?

ಬಿವಿಎ (ಚಿತ್ರಕಲೆ, ಶಿಲ್ಪದಂಥ ದೃಶ್ಯಕಲೆಯ ಡಿಗ್ರಿ) ಕೊನೇ ವರ್ಷ, ಗೈಡು ಪರ್ಸನಲ್ ಆಗಿ ಏನಾದ್ರೂ ಮಾಡು ಅಂತಿದಾರೆ, ಆದ್ರೆ ನನ್ನ ಲೈಫಲ್ಲಿ ಹೇಳ್ಕೊಳ್ಳೋ ಅಂಥದ್ದೇನೂ ಆಗಿಲ್ಲ ಅಂತ ಬರ್ದಿದೀರ. ನಾನು ಮೈಸೂರಲ್ಲಿ ಪ್ರಿಂಟ್‌ಮೇಕಿಂಗ್, ಅಂದ್ರೆ ಅಚ್ಚು ಒತ್ತಿ ಚಿತ್ರ ಮಾಡೋ ಕಲೆ ಓದಿದವಳು, ನಮ್ಮ ಬ್ಯಾಚಲ್ಲೂ ಸುಮಾರು ಜನಕ್ಕೆ ಇದೇ ಚಿಂತೆ ಇತ್ತು. ಪರ್ಸನಲ್ ಅಂದ ತಕ್ಷಣ ಎಲ್ರಿಗೂ ಮೆಕ್ಸಿಕೋದ ಪೇಂಟರ್ ಫ್ರಿದಾ ಕಾಹ್ಲೋ ನೆನಪಾಗ್ತಾರೆ, 1925ರ ಬಸ್ ಆಕ್ಸಿಡೆಂಟು, ಮುರಿದ ಬೆನ್ನು, ಆ ಸೆಲ್ಫ್ ಪೋರ್ಟ್ರೇಟ್‌ಗಳು, ಅದನ್ನ ನೋಡಿ ನಮಗೂ ಅಷ್ಟು ದೊಡ್ಡ ಗಾಯ ಇದ್ರೇನೇ ಕೆಲಸ ಆಗೋದು ಅನ್ಸಿಬಿಡುತ್ತೆ. ಹಾಗೇನಿಲ್ಲ.

ನಾನು ಹೇಳೋದು ಇಷ್ಟೇ, ತಲೇಲಿ ಥೀಮ್ ಹುಡುಕೋದು ಬಿಡಿ, ಮನೇಲಿ ಮೆಟೀರಿಯಲ್ ಹುಡುಕಿ. ನಿಮ್ಮನೇಲಿ ದಿನಾ ಯಾರ ಕೈ ಏನ್ ಕೆಲಸ ಮಾಡುತ್ತೆ, ಆ ಕೆಲಸದಲ್ಲಿ ಏನ್ ಉಳಿಯುತ್ತೆ, ಅದನ್ನ ನೋಡಿ. ಭದ್ರಾವತಿಯಲ್ಲಿ ಹುಟ್ಟಿದ ಕಲಾವಿದೆ ಶೀಲಾ ಗೌಡ ಅವರು ಪೇಂಟಿಂಗ್ ಓದಿದವರು, 90ರ ದಶಕದಲ್ಲಿ ಸಗಣಿ ತಗೊಂಡ್ರು, ಆಮೇಲೆ ದಾರ, ಸೂಜಿ, ಕುಂಕುಮ ತಗೊಂಡ್ರು. ಸೂಜಿಗಳಲ್ಲಿ ಪೋಣಿಸಿ ಕುಂಕುಮ ಬಳಿದ ಆ ಉದ್ದುದ್ದ ಕೆಂಪು ಹಗ್ಗ ನೋಡಿದ್ರೆ ಹೆಂಗಸರ ಕೆಲಸ, ನೋವು ಎರಡೂ ಎದೆಗೆ ತಾಗುತ್ತೆ, ಅಲ್ಲಿ ಒಂದು ಮುಖಾನೂ ಬರೆದಿಲ್ಲ. ಅಲಿಗಢದಲ್ಲಿ ಹುಟ್ಟಿದ ಕಲಾವಿದೆ ಜರೀನಾ ಹಶ್ಮಿ ಅವರ 1999ರ ವುಡ್‌ಕಟ್ (ಮರದ ಹಲಗೆ ಕೆತ್ತಿ ಒತ್ತೋ ಪ್ರಿಂಟು) ಸರಣಿ ‘ಹೋಮ್ ಈಸ್ ಎ ಫಾರಿನ್ ಪ್ಲೇಸ್’ನೂ ಹುಡುಕಿ ನೋಡಿ. 36 ಪ್ರಿಂಟು, ಹೊಸ್ತಿಲು, ಬಾಗಿಲು, ಅಂಗಳ ಅಂತ ಒಂದೊಂದಕ್ಕೂ ಒಂದು ಉರ್ದು ಪದ, ಕೆಲವೇ ಕಪ್ಪು ಗೆರೆ. ಬಿಟ್ಟುಬಂದ ಮನೆ ಅಷ್ಟರಲ್ಲೇ ಬಂದ್ಬಿಟ್ಟಿದೆ.

ನಂದು ಹೇಳ್ತೀನಿ. ನಮ್ಮೂರು ದಕ್ಷಿಣ ಕನ್ನಡದ ಕಡೆ, ಅಮ್ಮ ಬೀಡಿ ಕಟ್ತಾರೆ. ಎಲೆ ನೆನೆಸಿ, ಅಳತೆಗೆ ಕತ್ತರಿಸಿ, ಹೊಗೆಸೊಪ್ಪು ಹಾಕಿ ಸುರುಟಿ ನೂಲು ಸುತ್ತಿ ಬೀಡಿ ಕಂಪನಿಯ ಬ್ರಾಂಚಿಗೆ ಕೊಡೋದು, ಸರಿಯಿಲ್ಲ ಅಂದಿದ್ದು ವಾಪಸ್ ಬರೋದು, ಇದೆಲ್ಲ ನಂಗೆ ಥೀಮ್ ಅಂತ ಅನ್ಸೇ ಇರ್ಲಿಲ್ಲ ಯಾಕಂದ್ರೆ ನಮ್ಮ ಸುತ್ತಮುತ್ತ ಎಷ್ಟೋ ಮನೇಲಿ ಅದೇ ಕೆಲಸ. ನಾನು ತಗೊಂಡಿದ್ದು ಬೀಡಿನಲ್ಲ, ಕತ್ತರಿಸಿ ಉಳಿದ ಎಲೆ, ನಡುವೆ ಚೌಕ ಹೋಗಿ ಅಂಚು ಮಾತ್ರ ಉಳಿದಿರುತ್ತಲ್ಲ, ಅದಕ್ಕೆ ಇಂಕ್ ಹಚ್ಚಿ ಪ್ರೆಸ್‌ಗೆ ಕೊಟ್ಟೆ. ನರ ನರನೂ ಬಂತು. ಊರಿಗೆ ತಗೊಂಡೋಗಿ ತೋರಿಸಿದ್ರೆ ಅಮ್ಮ ಬೆರಳಿಟ್ಟು, ಇದು ಸರಿಯಾಗಿ ನೆನೆದಿರ್ಲಿಲ್ಲ, ಅದಕ್ಕೇ ಅಂಚು ಸೀಳಿದೆ ಅಂದ್ರು, ಅಲ್ಲಿಂದ ಮಾತು ಶುರುವಾಗಿ ಮದುವೆಗೆ ಮುಂಚೆ ಯಾರ ಹತ್ರ ಕಟ್ಟೋದು ಕಲ್ತಿದ್ದು ಅನ್ನೋವರೆಗೂ ಹೋಯ್ತು. ನಾನು ಸುಮ್ನೆ ಕೂತು ಕಾನ್ಸೆಪ್ಟ್ ಬರೆದಿದ್ರೆ ಆ ಮಾತು ಯಾವತ್ತೂ ಸಿಗ್ತಿರ್ಲಿಲ್ಲ.

ಇನ್ನೊಂದು ವಿಷ್ಯ, ಇದು ನಂಗೆ ತುಂಬಾ ಮುಖ್ಯ. ನಿಮ್ಮ ಪರ್ಸನಲ್ ಅನ್ನೋದ್ರಲ್ಲಿ ಮನೆಯವರದ್ದೂ ಸೇರಿರುತ್ತೆ, ಕೇಳ್ದೇನೇ ಗೋಡೆಗೆ ಹಾಕ್ಬೇಡಿ. ಅಮ್ಮನ ಬೀಡಿ ಪಾಸ್‌ಬುಕ್ ಇಡೋಣ ಅಂತ ನಂಗೆ ಆಸೆ ಇತ್ತು, ಹೆಸರು, ಕೂಲಿ ಲೆಕ್ಕ ಇರೋ ಪುಟ ಬೇಡ ಅಂದ್ರು, ಖಾಲಿ ಗೆರೆಗಳನ್ನ ಮಾತ್ರ ಪ್ರಿಂಟ್ ಮಾಡಿದೆ. ಜ್ಯೂರಿಲಿ, ಅಂದ್ರೆ ಕೊನೇ ಪರೀಕ್ಷೆಲಿ, ಕೆಲಸ ನೋಡೋಕೆ ಬಂದವರು ಜಾಸ್ತಿ ಹೊತ್ತು ಅದರ ಮುಂದೇನೇ ನಿಂತಿದ್ರು.

ಮತ್ತೆ ಜ್ಯೂರಿಲಿ ಪ್ರೊಸೆಸ್ ಕೇಳೇ ಕೇಳ್ತಾರೆ, ಅದಕ್ಕೆ ಹಾಳಾದ ಪ್ರೂಫ್ (ಟ್ರಯಲ್ ಪ್ರಿಂಟು), ರಫ್ ಸ್ಕೆಚ್ ಎಲ್ಲಾದ್ರ ಹಿಂದೆ ಡೇಟ್ ಹಾಕಿ ಎತ್ತಿಡಿ. ಸ್ಟೇಟ್‌ಮೆಂಟ್, ಅಂದ್ರೆ ನಿಮ್ಮ ಕೆಲಸದ ಬಗ್ಗೆ ನೀವೇ ಬರೆಯೋ ಟಿಪ್ಪಣಿ, ಕೊನೆಗೆ ಬರೀರಿ, ಮೊದ್ಲು ಕನ್ನಡದಲ್ಲೇ. ನಿಮ್ಮನೇಲಿ ಏನ್ ಕೆಲಸ ಮಾಡ್ತಾರೆ, ನಿಮ್ಮ ಸ್ಪೆಷಲೈಸೇಷನ್ ಯಾವ್ದು ಅಂತ ತಿಳಿಸಿದ್ರೆ ಯಾವ ಮೀಡಿಯಂ ಒಗ್ಗಬಹುದು ಅಂತ ಇನ್ನೂ ಸರಿಯಾಗಿ ಹೇಳ್ತೀನಿ.