ಕಠಿಣ ವ್ರತ ಹಿಡಿದವರು ಮನೆಯವರಿಂದಲೇ ದೂರವಾಗುವುದೇಕೆ?

ಶಿರಸಿಯಲ್ಲಿರುವ ಅತ್ತೆ ಉಪವಾಸ, ಮಡಿ ಹೆಚ್ಚಿಸಿಕೊಂಡು ಯಾರೊಡನೆಯೂ ಬೆರೆಯುತ್ತಿಲ್ಲ, ಮಾತೆತ್ತಿದರೆ ಸಿಡುಕುತ್ತಾರೆ, ಇದು ವೈರಾಗ್ಯವೇ ಎಂದು ಕೇಳಿದ್ದೀರಿ. ಅರ್ಧ ಪಾಲು ಹಸಿವಿನ ಕೆಲಸವಿರಬಹುದು. 1944-45ರಲ್ಲಿ ಅಮೆರಿಕದ ಮಿನ್ನೆಸೋಟಾ ವಿಶ್ವವಿದ್ಯಾಲಯದಲ್ಲಿ 36 ಯುವಕರನ್ನು ಸುಮಾರು ಆರು ತಿಂಗಳು ಅರೆಹೊಟ್ಟೆಯಲ್ಲಿಟ್ಟು ನೋಡಿದ್ದರು. ಅವರಿಗೆ ಯಾವ ವ್ರತವೂ ಇರಲಿಲ್ಲ. ಆದರೂ ಸಿಡುಕು, ಖಿನ್ನತೆ, ಜನರಿಂದ ದೂರ ಸರಿಯುವುದು, ಸದಾ ಊಟದ್ದೇ ಧ್ಯಾನ.

ಮಡಿಗೆ ತೆರುವ ಬೆಲೆ ಬೇರೆ. ನಮ್ಮ ಕಡೆ ಮದುವೆಯಿರಲಿ, ಶ್ರಾದ್ಧವಿರಲಿ, ಪಂಕ್ತಿಯಲ್ಲಿ ಕುಳಿತು ಉಂಡರೇ ಒಡನಾಟ. ಹೊರಗಿನ ನೀರನ್ನೂ ಮುಟ್ಟದವರನ್ನು ನೆಂಟರು ಕ್ರಮೇಣ ಕರೆಯುವುದನ್ನೇ ಬಿಡುತ್ತಾರೆ. ಮೊಮ್ಮಗು ಓಡಿಬಂದು ಸೆರಗು ಹಿಡಿದರೆ ಗದರಿಕೆ, ಮತ್ತೆ ಸ್ನಾನ. ಆ ಸೀರೆ ಒಗೆದು, ಮಲೆನಾಡಿನ ಮಳೆಯಲ್ಲಿ ಒಣಗಿಸುವ ಪಾಡು ಸೊಸೆಗೆ. (ವ್ರತದ ಪುಣ್ಯದಲ್ಲಿ ಆಕೆಗೆ ಪಾಲಿದೆಯೋ ಇಲ್ಲವೋ ಯಾರೂ ಕೇಳುವುದಿಲ್ಲ.)

ಏಕಾದಶಿಗೆ ಒಪ್ಪತ್ತು ಮಾಡುವವರ ಮಾತಲ್ಲ ಇದು. ತೂಕ ಇಳಿಯುತ್ತಿದ್ದರೆ, ಸಕ್ಕರೆ ಕಾಯಿಲೆಯ ಮಾತ್ರೆ ನುಂಗಿ ಉಪವಾಸವಿರುತ್ತಿದ್ದರೆ, ವಾದ ಬಿಟ್ಟು ವೈದ್ಯರ ಬಳಿ ಕರೆದೊಯ್ಯಿರಿ. ವೃದ್ಧರಿಗೆ, ರೋಗಿಗಳಿಗೆ ಹಾಲು-ಹಣ್ಣಿನ ವಿನಾಯಿತಿ ಸಂಪ್ರದಾಯದಲ್ಲೇ ಇದೆ. ಅದನ್ನು ಅವರು ನಂಬುವ ಪುರೋಹಿತರಿಂದ ಹೇಳಿಸಿ. ನಿಮ್ಮ ಮಾತಿಗಿಂತ ಬೇಗ ನಾಟುತ್ತದೆ.