ಸ್ಟೋನ್‌ಹೆಂಜ್‌ಗಿಂತ ಮೊದಲು ಏವ್‌ಬರಿಗೆ ಹೋಗಿ

ಪ್ರಶ್ನೆ: ಮಗಳು ಇಂಗ್ಲೆಂಡಿನ ರೆಡಿಂಗ್‌ನಲ್ಲಿದ್ದಾಳೆ. ಜೂನ್‌ನಲ್ಲಿ ನಾವಿಬ್ಬರೂ ಹೋಗುವವರಿದ್ದೇವೆ. ಎರಡು ದಿನ ಕಾರಿನಲ್ಲಿ ಹಳೆಯ ಜಾಗಗಳನ್ನೆಲ್ಲ ತೋರಿಸುತ್ತೇನೆ ಅಂತ ಅಳಿಯ ಹೇಳಿದ್ದಾರೆ. ದೊಡ್ಡ ಕಲ್ಲುಗಳನ್ನು ವೃತ್ತಾಕಾರದಲ್ಲಿ ನಿಲ್ಲಿಸಿರುವ ಸ್ಟೋನ್‌ಹೆಂಜ್‌ನಲ್ಲಿ ಕಲ್ಲುಗಳ ಹತ್ತಿರ ಬಿಡುವುದಿಲ್ಲವಂತೆ, ಟಿಕೆಟ್ ಬೇರೆ ದುಬಾರಿ. ಹೋಗಬೇಕಾ? ನನಗೆ ಮೊಣಕಾಲು ನೋವೂ ಇದೆ.
– ಓದುಗರೊಬ್ಬರು, ಕಿನ್ನಿಮೂಲ್ಕಿ, ಉಡುಪಿ

ಉತ್ತರ: ಖಂಡಿತ ಹೋಗಿ. ಆದರೆ ಮೊದಲು ಏವ್‌ಬರಿ ನೋಡಿ. ರೆಡಿಂಗ್‌ನಿಂದ ಎಂ4 ಹೆದ್ದಾರಿ ಹಿಡಿದು ಪಶ್ಚಿಮಕ್ಕೆ ಹೋದರೆ ಅದೇ ಮೊದಲು ಸಿಗುತ್ತದೆ. ಬ್ರಿಟನ್ನಿನ ಅತಿ ದೊಡ್ಡ ಕಲ್ಲುವೃತ್ತ ಅದು, ಎಷ್ಟು ದೊಡ್ಡದೆಂದರೆ ಊರಿನ ಒಂದು ಭಾಗವೇ ಅದರ ಒಳಗಿದೆ. ಪಾರ್ಕಿಂಗ್‌ಗೆ ದುಡ್ಡು ಕೊಡಬೇಕು, ಕಲ್ಲು ನೋಡಲು ಟಿಕೆಟ್ ಇಲ್ಲ. ಹುಲ್ಲಲ್ಲಿ ಕುರಿಗಳು ಮೇಯುತ್ತಿರುತ್ತವೆ. ನಾನು ಒಂದು ಕಲ್ಲಿನ ಮೇಲೆ ಅಂಗೈ ಇಟ್ಟು ಸುಮ್ನೆ ನಿಂತಿದ್ದೆ. ಒರಟು ಕಲ್ಲು, ಮೇಲೆಲ್ಲ ಹಾವಸೆ, ಕುರಿಗಳು ಮೈ ಉಜ್ಜಿದ ಕಡೆ ಮಾತ್ರ ಸ್ವಲ್ಪ ನುಣುಪು. ನಾಲ್ಕು ಸಾವಿರ ವರ್ಷಕ್ಕೂ ಹಿಂದೆ ಯಾರೋ ನಿಲ್ಲಿಸಿದ್ದನ್ನು ಹೀಗೆ ಮುಟ್ಟಲು ಬಿಡುವ ಜಾಗ ಎಷ್ಟಿವೆ ಹೇಳಿ? ದಾರಿಯೂ ಹೆಚ್ಚು ಕಡಿಮೆ ಸಮತಟ್ಟು, ನಿಮ್ಮ ಕಾಲಿಗೆ ತೊಂದರೆಯಿಲ್ಲ.

ಹತ್ತಿರದಲ್ಲೇ ವೆಸ್ಟ್ ಕೆನೆಟ್ ಎಂಬ ಕಲ್ಲಿನ ಸಮಾಧಿಯಿದೆ, ಐದು ಸಾವಿರ ವರ್ಷಕ್ಕೂ ಹಳೆಯದು. ಒಳಗೇ ಹೋಗಬಹುದು. ಆದರೆ ರಸ್ತೆಯಿಂದ ಹೊಲದ ಬದಿಯಲ್ಲಿ ಏರು ನಡೆಯಬೇಕು. ಅಲ್ಲಿಗೆ ಮಗಳು-ಅಳಿಯ ಹೋಗಿ ಬರಲಿ.

ಅಲ್ಲಿಂದ ಸ್ಟೋನ್‌ಹೆಂಜ್‌ಗೆ ಮುಕ್ಕಾಲು ಗಂಟೆ. ಸಮಯ ಗೊತ್ತುಮಾಡಿ ಟಿಕೆಟ್ ಮೊದಲೇ ಬುಕ್ ಮಾಡಿಸಿ. ಟಿಕೆಟ್ ಕೌಂಟರ್‌ನಿಂದ ಕಲ್ಲುಗಳ ತನಕ ಎರಡು ಕಿಲೋಮೀಟರಿಗೂ ಜಾಸ್ತಿ, ಬಸ್ಸಿದೆ, ನಡೆಯಬೇಡಿ. ದೂರದಿಂದ ನೋಡಿದರೂ ಒಂದನ್ನು ಮಾತ್ರ ಹುಡುಕಿ ನೋಡಿ: ಎಲ್ಲಕ್ಕಿಂತ ಎತ್ತರದ ಕಲ್ಲಿನ ನೆತ್ತಿಯಲ್ಲಿ ಒಂದು ಉಬ್ಬು ಕಾಣುತ್ತದೆ. ನಮ್ಮ ಬಡಗಿಗಳು ದಾರಂದ ಕೂಡಿಸುವಾಗ ಒಂದು ಮರದ ತುದಿಯನ್ನು ಗೂಟದ ಹಾಗೆ ಕೆತ್ತಿ ಇನ್ನೊಂದರ ತೂತಿಗೆ ಕೂರಿಸುತ್ತಾರಲ್ಲ, ಅದೇ ಕೆಲಸವನ್ನು ಸ್ಟೋನ್‌ಹೆಂಜ್ ಕಟ್ಟಿದವರು ಸುಮಾರು 4500 ವರ್ಷಗಳ ಹಿಂದೆ ಕಲ್ಲಿನಲ್ಲಿ ಮಾಡಿದ್ದಾರೆ, ಅದೂ ಕಬ್ಬಿಣದ ಉಳಿ ಇಲ್ಲದೆ, ಕಲ್ಲಿಂದಲೇ ಕಲ್ಲನ್ನು ಕುಟ್ಟಿ. ನಡುವೆ ಇರುವ ಸಣ್ಣ ಕಲ್ಲುಗಳು ವೇಲ್ಸ್‌ನ ಪ್ರೆಸೆಲಿ ಬೆಟ್ಟದವು. ಮಂಗಳೂರಿಂದ ಮೈಸೂರಿಗೆ ಇರುವಷ್ಟು ದೂರ! ಇಷ್ಟು ತಿಳಿದುಕೊಂಡು ನೋಡಿದರೆ ಟಿಕೆಟ್ ದುಡ್ಡು ದಂಡ ಅನ್ನಿಸುವುದಿಲ್ಲ.

ರಾತ್ರಿ ಸಾಲ್ಸ್‌ಬರಿಯಲ್ಲಿ ಉಳಿಯಿರಿ. ಅಲ್ಲಿನ ಕೆಥೆಡ್ರಲ್‌ನಲ್ಲಿ, ರಾಜನ ಅಧಿಕಾರಕ್ಕೆ ಕಡಿವಾಣ ಹಾಕಿದ 1215ರ ಮ್ಯಾಗ್ನಾ ಕಾರ್ಟಾ ಎಂಬ ಸನದಿನ ಮೂಲ ಪ್ರತಿಗಳಲ್ಲಿ ಒಂದು ಇದೆ. ಮರುದಿನ ಬಾತ್‌ನ ರೋಮನ್ ಸ್ನಾನಗೃಹ. ನಮ್ಮ ಪುತ್ತೂರು ಕಡೆಯ ಬೆಂದ್ರ್ ತೀರ್ಥದ ಹಾಗೆ ನೆಲದಿಂದಲೇ ಬಿಸಿನೀರು ಬರುತ್ತದೆ, ಆದರೆ ಆ ಕೊಳಕ್ಕೆ ಇಳಿಯುವಂತಿಲ್ಲ.

ಜೂನ್ 21ರ ಆಸುಪಾಸು ಸ್ಟೋನ್‌ಹೆಂಜ್ ಬೇಡ, ಸೂರ್ಯೋದಯ ನೋಡಲು ಸಾವಿರಾರು ಜನ ಸೇರುತ್ತಾರೆ. ಛತ್ರಿ ಬದಲು ಟೋಪಿ ಇರುವ ರೈನ್‌ಕೋಟ್ ಒಯ್ಯಿರಿ, ಆ ಬಯಲಿನ ಗಾಳಿಗೆ ಛತ್ರಿ ನಿಲ್ಲುವುದಿಲ್ಲ.